೪೩,೨೦,೦೦೦: ಒಂದು ಸಂಖ್ಯೆಯ ಸ್ವರೂಪ ಮತ್ತು ಚರಿತ್ರೆ

ನಮ್ಮ ಪಂಚಾಂಗಗಳ ಆರಂಭದಲ್ಲಿ ಯುಗಪ್ರಮಾಣಗಳನ್ನು ನಮೂದಿಸುವ ಸಂಪ್ರದಾಯವುಂಟು. ಕೃತಯುಗಕ್ಕೆ ೧೭,೨೮,೦೦೦ ವರ್ಷಗಳು, ತ್ರೇತಾಯುಗಕ್ಕೆ ೧೨,೯೬,೦೦೦, ದ್ವಾಪರಕ್ಕೆ ೮,೬೪,೦೦೦, ಕಲಿಯುಗಕ್ಕೆ ೪,೩೨,೦೦೦. ನಾಲ್ಕೂ ಸೇರಿ ಒಂದು ಮಹಾಯುಗಕ್ಕೆ ೪೩,೨೦,೦೦೦ ವರ್ಷಗಳು. ಶ್ರದ್ಧಾವಂತರು ಇದನ್ನು ಪುರಾಣವಾಕ್ಯವೆಂದು ಗೌರವಿಸುತ್ತಾರೆ. ಆಧುನಿಕರು ಕಲ್ಪನಾವಿಲಾಸವೆಂದು ಬದಿಗಿಡುತ್ತಾರೆ. ಆದರೆ ಈ ಇಬ್ಬರೂ ಸಾಮಾನ್ಯವಾಗಿ ಕೇಳದ ಪ್ರಶ್ನೆಯೊಂದಿದೆ: ಈ ಸಂಖ್ಯೆಯೇ ಏಕೆ? ಐವತ್ತು ಲಕ್ಷವೋ ನಲವತ್ತು ಲಕ್ಷವೋ ಏಕಲ್ಲ?

ಈ ಪ್ರಶ್ನೆ ಬರಿಯ ಕುತೂಹಲದ್ದಲ್ಲ. ಕಲಿಯುಗದ ಆರಂಭವನ್ನು ಕ್ರಿ.ಪೂ. ೩೧೦೨ಕ್ಕೆ ನಿಲ್ಲಿಸಿ, ಅದರ ಆಧಾರದ ಮೇಲೆ ಭಾರತಯುದ್ಧದ ಕಾಲವನ್ನೂ ರಾಜವಂಶಗಳ ಕಾಲವನ್ನೂ ನಿರ್ಣಯಿಸುವ ಪ್ರಯತ್ನಗಳು ಇಂದಿಗೂ ನಡೆಯುತ್ತಿವೆ. ಕರ್ಣಾಟಕದ ಸುಪ್ರಸಿದ್ಧ ಶಾಸನವೊಂದು ಈ ವಾದಗಳಲ್ಲಿ ಪದೇ ಪದೇ ಸಾಕ್ಷಿಯಾಗಿ ಬರುತ್ತದೆ. ಆ ಸಾಕ್ಷಿಯ ಬೆಲೆಯೆಷ್ಟೆಂದು ತಿಳಿಯಬೇಕಾದರೆ ಮೊದಲು ಸಂಖ್ಯೆಯ ಗುಣಗಳನ್ನೇ ಪರಿಶೀಲಿಸಬೇಕಾಗುತ್ತದೆ. ಪ್ರಸ್ತುತ ಲೇಖನದಲ್ಲಿ ಗಣಿತಜ್ಞರಿಗೆ ಹೊಸದೆನಿಸುವುದು ಹೆಚ್ಚೇನೂ ಇರಲಾರದು. ಇತಿಹಾಸದ ವಿದ್ಯಾರ್ಥಿಗಳಿಗೆ ಉಪಯುಕ್ತವಾಗುವಂತೆ ವಿಷಯವನ್ನು ಕ್ರಮವಾಗಿ ನಿರೂಪಿಸುವುದೇ ಇಲ್ಲಿನ ಉದ್ದೇಶ.

೧. ಸಂಖ್ಯೆಯ ಬರವಣಿಗೆ

ಆರ್ಯಭಟನು ತನ್ನ ‘ಆರ್ಯಭಟೀಯ’ದಲ್ಲಿ ಈ ಸಂಖ್ಯೆಯನ್ನು ‘ಖ್ಯುಘೃ’ ಎಂಬ ಎರಡೇ ಅಕ್ಷರಗಳಲ್ಲಿ ಹೇಳಿದ್ದಾನೆ. ಅವನ ಪದ್ಧತಿಯಲ್ಲಿ ಕಕಾರದಿಂದ ಮಕಾರದವರೆಗಿನ ವ್ಯಂಜನಗಳಿಗೆ ೧ರಿಂದ ೨೫ರವರೆಗೆ ಬೆಲೆ, ಯಕಾರಕ್ಕೆ ೩೦. ಸ್ವರಗಳು ಸ್ಥಾನವನ್ನು ಸೂಚಿಸುತ್ತವೆ: ಅಕಾರಕ್ಕೆ ಒಂದು, ಇಕಾರಕ್ಕೆ ನೂರು, ಉಕಾರಕ್ಕೆ ಹತ್ತು ಸಾವಿರ, ಋಕಾರಕ್ಕೆ ಹತ್ತು ಲಕ್ಷ. ಆದ್ದರಿಂದ ‘ಖು’ ಎಂದರೆ ೨೦,೦೦೦. ‘ಯು’ ಎಂದರೆ ೩,೦೦,೦೦೦. ‘ಘೃ’ ಎಂದರೆ ೪೦,೦೦,೦೦೦. ಮೂರನ್ನೂ ಕೂಡಿಸಿದರೆ ೪೩,೨೦,೦೦೦. ಶ್ಲೋಕದ ಇಕ್ಕಟ್ಟಿನಲ್ಲಿ ಏಳು ಸ್ಥಾನಗಳ ಸಂಖ್ಯೆಯನ್ನು ಅಡಗಿಸಿಟ್ಟ ಈ ಉಪಾಯ ಲಿಪಿಕಾರರ ಕೈಯಲ್ಲಿ ಕೆಡುವುದು ಸುಲಭ. ಆದರೂ ಸಂಖ್ಯೆ ಕೆಡದೆ ಉಳಿದುಬಂದಿದೆ. ಅದಕ್ಕೆ ಒಂದು ಕಾರಣ, ಇತರ ಗ್ರಂಥಗಳಲ್ಲಿಯೂ ಅದೇ ಸಂಖ್ಯೆ ಇರುವುದು. ಇನ್ನೊಂದು, ಗಣಿತವೇ ಅದನ್ನು ಕಾಯುವುದು.

ದೊಡ್ಡ ಸಂಖ್ಯೆಗಳನ್ನು ಸ್ಥಾನಕ್ಕೊಂದು ಹೆಸರಿಟ್ಟು ಕರೆಯುವ ಪದ್ಧತಿ ನಮ್ಮಲ್ಲಿ ಪ್ರಾಚೀನವಾದುದು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದಲ್ಲಿ ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರು ಕೊಟ್ಟು ‘ಮಹಾಕ್ಷೋಭ’ದವರೆಗೂ ಏರಿದ್ದಾನೆ. ಅವನ ಏಣಿಯಲ್ಲಿ ನಮ್ಮ ಸಂಖ್ಯೆ ಏಳನೆಯ ಮೆಟ್ಟಿಲಾದ ‘ದಶಲಕ್ಷ’ದಲ್ಲಿಯೇ ನಿಂತುಬಿಡುತ್ತದೆ. ಆದಕಾರಣ, ಬರಿಯ ದೊಡ್ಡತನದಿಂದ ಬೆರಗುಗೊಳಿಸುವುದಷ್ಟೇ ಉದ್ದೇಶವಾಗಿದ್ದರೆ ಪ್ರಾಚೀನರಿಗೆ ಇದಕ್ಕಿಂತ ಎಷ್ಟೋ ದೊಡ್ಡ ಸಂಖ್ಯೆಗಳು ಕೈಗೆಟುಕುವಂತಿದ್ದವು. ಆಯ್ಕೆಗೆ ಬೇರೆ ಕಾರಣವನ್ನೇ ಹುಡುಕಬೇಕು.

೨. ಅವಿಭಾಜ್ಯ ಭಾಜಕಗಳು

ಯಾವುದೇ ಪೂರ್ಣಸಂಖ್ಯೆಯ ಒಳರಚನೆ ಅದರ ಅವಿಭಾಜ್ಯ ಭಾಜಕಗಳಿಂದ ತಿಳಿಯುತ್ತದೆ. ೪೩,೨೦,೦೦೦ವನ್ನು ಒಡೆದು ನೋಡಿದರೆ ಸಿಗುವುದು ಮೂರೇ ಅವಿಭಾಜ್ಯಗಳು: ೨, ೩ ಮತ್ತು ೫. ಎರಡರ ಎಂಟನೆಯ ಘಾತ (೨೫೬), ಮೂರರ ಮೂರನೆಯ ಘಾತ (೨೭), ಐದರ ನಾಲ್ಕನೆಯ ಘಾತ (೬೨೫), ಇವುಗಳ ಗುಣಲಬ್ಧವೇ ನಮ್ಮ ಸಂಖ್ಯೆ. ಇದರಲ್ಲಿ ೭ಕ್ಕೆ ಸ್ಥಾನವಿಲ್ಲ. ೧೧, ೧೩ಕ್ಕೂ ಇಲ್ಲ.

ಘಾತಾಂಕಗಳಾದ ೮, ೩, ೪ಕ್ಕೆ ಒಂದೊಂದನ್ನು ಕೂಡಿಸಿ ಗುಣಿಸಿದರೆ ಒಟ್ಟು ಭಾಜಕಗಳ ಸಂಖ್ಯೆ ದೊರೆಯುತ್ತದೆ: ೯ × ೪ × ೫ = ೧೮೦. ಒಂದರಿಂದ ಇಪ್ಪತ್ತರವರೆಗಿನ ಅಂಕೆಗಳಲ್ಲಿ ಹದಿನಾಲ್ಕು ಇದನ್ನು ನಿಶ್ಶೇಷವಾಗಿ ಭಾಗಿಸುತ್ತವೆ. ೭, ೧೧, ೧೩, ೧೪, ೧೭, ೧೯ ಮಾತ್ರ ಭಾಗಿಸಲಾರವು. ೧೨, ೩೦, ೬೦, ೩೬೦, ೩,೬೦೦ ಇವೆಲ್ಲ ಇದರ ಭಾಜಕಗಳು. ಅಂದರೆ ವರ್ಷಕ್ಕೆ ಹನ್ನೆರಡು ಮಾಸ, ಮಾಸಕ್ಕೆ ಮೂವತ್ತು ದಿನ, ದಿನಕ್ಕೆ ಅರವತ್ತು ಘಳಿಗೆ, ವೃತ್ತಕ್ಕೆ ಮುನ್ನೂರ ಅರವತ್ತು ಅಂಶ ಎಂಬ ಕಾಲಮಾನ ಮತ್ತು ಕೋನಮಾನಗಳೆಲ್ಲ ಇದರೊಳಗೆ ಶೇಷವಿಲ್ಲದೆ ಹೊಂದಿಕೊಳ್ಳುತ್ತವೆ.

೩. ಗಣಿತಜ್ಞರ ವರ್ಗೀಕರಣದಲ್ಲಿ ಇದರ ಸ್ಥಾನ

ಸಂಖ್ಯೆಗಳನ್ನು ಅವುಗಳ ಭಾಜಕಗಳ ಮೊತ್ತದಿಂದ ವಿಂಗಡಿಸುವ ಪದ್ಧತಿ ಗ್ರೀಕರದು. ಕ್ರಿ.ಶ. ೧೦೦ರ ಸುಮಾರಿನಲ್ಲಿದ್ದ ನಿಕೊಮಾಕಸನು ಸಮಸಂಖ್ಯೆಗಳನ್ನು ನ್ಯೂನ, ಪರಿಪೂರ್ಣ, ಅಧಿಕ ಎಂದು ಮೂರು ವರ್ಗ ಮಾಡಿದನು. ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ ತನಗೆ ಸಮನಾದರೆ ಪರಿಪೂರ್ಣ (೬ = ೧ + ೨ + ೩), ಕಡಿಮೆಯಾದರೆ ನ್ಯೂನ, ಹೆಚ್ಚಾದರೆ ಅಧಿಕ. ನಮ್ಮ ಸಂಖ್ಯೆಯ ೧೮೦ ಭಾಜಕಗಳ ಮೊತ್ತ ೫೧೧ × ೪೦ × ೭೮೧, ಅಂದರೆ ೧,೫೯,೬೩,೬೪೦. ಸಂಖ್ಯೆಯನ್ನು ಕಳೆದರೆ ಉಳಿಯುವುದು ೧,೧೬,೪೩,೬೪೦. ಮೂಲಸಂಖ್ಯೆಯ ಎರಡೂವರೆ ಪಟ್ಟಿಗಿಂತ ಹೆಚ್ಚು. ಆದ್ದರಿಂದ ಇದು ‘ಅಧಿಕ’ ವರ್ಗಕ್ಕೆ ಸೇರಿದ್ದು, ಅದರಲ್ಲಿಯೂ ಸಾಕಷ್ಟು ಸಮೃದ್ಧವಾದದ್ದು.

ಎರಡನೆಯದಾಗಿ, ೨, ೩, ೫ ಇವನ್ನು ಬಿಟ್ಟು ಬೇರೆ ಅವಿಭಾಜ್ಯ ಭಾಜಕವಿಲ್ಲದ ಸಂಖ್ಯೆಗಳನ್ನು ‘ನಿಯತ ಸಂಖ್ಯೆ’ಗಳೆಂದು ಕರೆಯಬಹುದು. ಅರವತ್ತನ್ನು ಆಧಾರವಾಗಿಟ್ಟುಕೊಂಡು ಲೆಕ್ಕ ಮಾಡುತ್ತಿದ್ದ ಬ್ಯಾಬಿಲೋನಿಯದ ಲಿಪಿಕಾರರಿಗೆ ಈ ವರ್ಗ ಅತ್ಯಂತ ಪ್ರಿಯವಾದುದು. ಏಕೆಂದರೆ ಇಂತಹ ಸಂಖ್ಯೆಯಿಂದ ಒಂದನ್ನು ಭಾಗಿಸಿದಾಗ ಬರುವ ಷಷ್ಟ್ಯಂಶ ಭಿನ್ನರಾಶಿ ಎಲ್ಲಿಯೋ ಒಂದು ಕಡೆ ಮುಗಿಯುತ್ತದೆ, ಮುಗಿಯದೆ ಹರಿಯುತ್ತ ಹೋಗುವುದಿಲ್ಲ. ಅರವತ್ತರ ಘನ ೨,೧೬,೦೦೦. ಅದರ ಇಪ್ಪತ್ತು ಪಟ್ಟು ೪೩,೨೦,೦೦೦. ಅರವತ್ತರ ನಾಲ್ಕನೆಯ ಘಾತ ೧,೨೯,೬೦,೦೦೦. ಅದು ನಮ್ಮ ಸಂಖ್ಯೆಯ ಸರಿಯಾಗಿ ಮೂರು ಪಟ್ಟು. ಷಷ್ಟ್ಯಂಶ ಪದ್ಧತಿಯಲ್ಲಿ ಇದು ಇಪ್ಪತ್ತರ ಮುಂದೆ ಮೂರು ಸೊನ್ನೆಗಳುಳ್ಳ ದುಂಡು ಸಂಖ್ಯೆ. ದಶಮಾನದಲ್ಲಿಯೂ ದುಂಡು, ಷಷ್ಟಿಮಾನದಲ್ಲಿಯೂ ದುಂಡು ಎಂಬ ಈ ದ್ವಿಗುಣ ಗಮನಾರ್ಹವಾದುದು.

ಮೂರನೆಯದಾಗಿ, ಇದರ ಪ್ರತಿಯೊಂದು ಅವಿಭಾಜ್ಯವೂ ಕನಿಷ್ಠ ಎರಡು ಬಾರಿ ಬಂದಿರುವುದರಿಂದ ಇದು ‘ಬಲಿಷ್ಠ’ ಸಂಖ್ಯೆ. ಆದರೆ ೮, ೩, ೪ಕ್ಕೆ ಒಂದನ್ನು ಬಿಟ್ಟು ಸಾಮಾನ್ಯ ಭಾಜಕವಿಲ್ಲದಿರುವುದರಿಂದ ಇದು ಯಾವ ಪೂರ್ಣಸಂಖ್ಯೆಯ ವರ್ಗವೂ ಅಲ್ಲ, ಘನವೂ ಅಲ್ಲ, ಬೇರೆ ಘಾತವೂ ಅಲ್ಲ. ಬಲವಿದ್ದೂ ಪೂರ್ಣತೆಯಿಲ್ಲದ ಇಂತಹ ಸಂಖ್ಯೆಗಳಿಗೆ ಗ್ರೀಕ್ ವೀರನ ಹೆಸರಿನಿಂದ ‘ಅಕಿಲೀಸ್ ಸಂಖ್ಯೆ’ ಎಂಬ ಹೆಸರಿದೆ. ಅದರ ಒಂದು ಭಾಗವಾದ ಕೃತಯುಗದ ಪ್ರಮಾಣ ೧೭,೨೮,೦೦೦ ಮಾತ್ರ ೧೨೦ರ ಪೂರ್ಣ ಘನ. ಮತ್ತೊಂದು ಸಣ್ಣ ಗುಣವನ್ನು ಇಲ್ಲಿಯೇ ಹೇಳಿಬಿಡಬಹುದು. ಅಂಕೆಗಳ ಮೊತ್ತದಿಂದ ನಿಶ್ಶೇಷವಾಗಿ ಭಾಗವಾಗುವ ಸಂಖ್ಯೆಗಳಿಗೆ ದೇವಳಾಲಿಯ ಶಾಲಾಶಿಕ್ಷಕರಾಗಿದ್ದ ದ. ರಾ. ಕಾಪ್ರೇಕರರು ‘ಹರ್ಷದ’ ಎಂಬ ಸಂಸ್ಕೃತ ನಾಮವನ್ನು ಕೊಟ್ಟರು. ೪ + ೩ + ೨ = ೯; ಒಂಬತ್ತರಿಂದ ಭಾಗಿಸಿದರೆ ೪,೮೦,೦೦೦. ಹೀಗೆ ಇದು ಹರ್ಷದವೂ ಹೌದು. ಆದರೆ ಈ ಗುಣ ಬರೆಯುವ ಪದ್ಧತಿಯನ್ನು ಅವಲಂಬಿಸಿದ್ದು, ಸಂಖ್ಯೆಯ ಅಂತಸ್ಸತ್ತ್ವಕ್ಕೆ ಸೇರಿದ್ದಲ್ಲ.

ನಾಲ್ಕನೆಯ ವರ್ಗ ಹೆಚ್ಚು ಅರ್ಥವುಳ್ಳದ್ದು. ಬೆಂಗಳೂರಿನಿಂದ ಪ್ರಕಟವಾಗುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ೧೯೪೮ರಲ್ಲಿ ಎ. ಕೆ. ಶ್ರೀನಿವಾಸನ್ ಅವರು ‘ವ್ಯಾವಹಾರಿಕ ಸಂಖ್ಯೆ’ಗಳನ್ನು ಕುರಿತು ಬರೆದರು. ತನಗಿಂತ ಚಿಕ್ಕದಾದ ಪ್ರತಿಯೊಂದು ಪೂರ್ಣಸಂಖ್ಯೆಯನ್ನೂ ತನ್ನ ಬೇರೆಬೇರೆ ಭಾಜಕಗಳ ಮೊತ್ತವಾಗಿ ಬರೆಯಲು ಅವಕಾಶ ಕೊಡುವ ಸಂಖ್ಯೆಯೇ ವ್ಯಾವಹಾರಿಕ ಸಂಖ್ಯೆ. ತೂಕದ ಬಟ್ಟುಗಳನ್ನು ನೆನೆದರೆ ವಿಷಯ ಸ್ಪಷ್ಟವಾಗುತ್ತದೆ. ಹನ್ನೆರಡರ ಭಾಜಕಗಳಾದ ೧, ೨, ೩, ೪, ೬ ಇವುಗಳ ಬಟ್ಟುಗಳಿದ್ದರೆ ಹನ್ನೊಂದರವರೆಗಿನ ಯಾವ ತೂಕವನ್ನಾದರೂ ತೂಗಬಹುದು. ಹತ್ತರ ಭಾಜಕಗಳಾದ ೧, ೨, ೫ರಿಂದ ನಾಲ್ಕನ್ನು ತೂಗಲಾಗದು. ೪೩,೨೦,೦೦೦ ಈ ಅರ್ಥದಲ್ಲಿ ವ್ಯಾವಹಾರಿಕ ಸಂಖ್ಯೆ. ಪ್ರಾಚೀನ ಗಣಕನಿಗೆ ಈ ಪರಿಭಾಷೆ ಗೊತ್ತಿರಲಿಲ್ಲ. ಗುಣದ ಪ್ರಯೋಜನ ಮಾತ್ರ ಚೆನ್ನಾಗಿ ಗೊತ್ತಿತ್ತು.

ಇಷ್ಟಾದರೂ ಒಂದು ಎಚ್ಚರಿಕೆ ಅಗತ್ಯ. ಭಾಜಕಗಳ ಸಂಖ್ಯೆಯಲ್ಲಿ ತನಗಿಂತ ಚಿಕ್ಕದಾದ ಎಲ್ಲ ಸಂಖ್ಯೆಗಳನ್ನೂ ಮೀರಿಸುವ ಸಂಖ್ಯೆಗಳಿಗೆ ಶ್ರೀನಿವಾಸ ರಾಮಾನುಜನ್ ಅವರು ‘ಅತಿಸಂಯುಕ್ತ’ ಎಂಬ ಅರ್ಥದ ಹೆಸರಿಟ್ಟು, ೧೯೧೫ರಲ್ಲಿ ದೀರ್ಘ ಪ್ರಬಂಧವನ್ನು ಪ್ರಕಟಿಸಿದರು. ನಮ್ಮ ಸಂಖ್ಯೆ ಆ ಪಟ್ಟಿಗೆ ಸೇರುವುದಿಲ್ಲ. ಇದಕ್ಕಿಂತ ಚಿಕ್ಕದಾದ ೩೬,೦೩,೬೦೦ಕ್ಕೆ ೩೬೦ ಭಾಜಕಗಳಿವೆ, ಅಂದರೆ ಇದರ ಇಮ್ಮಡಿ. ಇನ್ನೂ ಸ್ವಾರಸ್ಯವಾದ ವಿಷಯವೆಂದರೆ, ನಮ್ಮ ಸಂಖ್ಯೆಗಿಂತ ೪,೩೨೦ ಮಾತ್ರ ಹೆಚ್ಚಾಗಿರುವ ೪೩,೨೪,೩೨೦ ಅತಿಸಂಯುಕ್ತ ಸಂಖ್ಯೆ. ಅದಕ್ಕೆ ೩೮೪ ಭಾಜಕಗಳು. ಕಾರಣ ಸರಳ: ೪,೩೨೦ನ್ನು ೧,೦೦೦ದಿಂದ ಗುಣಿಸಿದರೆ ೨ ಮತ್ತು ೫ ಮಾತ್ರ ಹೆಚ್ಚುತ್ತವೆ, ೧,೦೦೧ರಿಂದ ಗುಣಿಸಿದರೆ ೭, ೧೧, ೧೩ ಎಂಬ ಮೂರು ಹೊಸ ಅವಿಭಾಜ್ಯಗಳು ಒಳಬರುತ್ತವೆ. ಭಾಜಕಗಳ ಸಂಖ್ಯೆಯನ್ನು ಹೆಚ್ಚಿಸುವುದೊಂದೇ ಯುಗಕಾರರ ಗುರಿಯಾಗಿದ್ದರೆ ಅವರು ಆ ನೆರೆಯ ಸಂಖ್ಯೆಯನ್ನೇ ಆರಿಸಬಹುದಾಗಿತ್ತು. ಅವರಿಗೆ ಬೇಕಾಗಿದ್ದುದು ಬರಿಯ ಹೆಚ್ಚಿನ ಭಾಜಕಗಳಲ್ಲ. ಹತ್ತರೊಡನೆಯೂ ಅರವತ್ತರೊಡನೆಯೂ ಹೊಂದುವ ಭಾಜಕಗಳು.

೪. ಸಂಖ್ಯೆಯ ಮೂಲ

ಈ ಸಂಖ್ಯೆ ಎಲ್ಲಿಂದ ಬಂತು? ಸ್ಮೃತಿ ಪುರಾಣಗಳ ವಿವರಣೆ ಪ್ರಸಿದ್ಧವಾದುದು: ದೇವತೆಗಳ ಒಂದು ದಿನ ಮನುಷ್ಯರ ಒಂದು ವರ್ಷ, ಆದ್ದರಿಂದ ದೇವವರ್ಷವೊಂದು ೩೬೦ ಮಾನುಷವರ್ಷ, ಹನ್ನೆರಡು ಸಾವಿರ ದೇವವರ್ಷಗಳು ಒಂದು ಚತುರ್ಯುಗ. ೧೨,೦೦೦ವನ್ನು ೩೬೦ರಿಂದ ಗುಣಿಸಿದರೆ ೪೩,೨೦,೦೦೦. ಇದಕ್ಕಿಂತ ಹಳೆಯ ಸುಳಿವು ಶತಪಥ ಬ್ರಾಹ್ಮಣದಲ್ಲಿದೆ. ಅಲ್ಲಿ ಋಕ್ಕುಗಳ ಪರಿಮಾಣವನ್ನು ಹನ್ನೆರಡು ಸಾವಿರ ಬೃಹತೀ ಛಂದಸ್ಸುಗಳೆಂದು ಹೇಳಿದೆ. ಬೃಹತಿಗೆ ೩೬ ಅಕ್ಷರಗಳಾದ್ದರಿಂದ ಒಟ್ಟು ೪,೩೨,೦೦೦ ಅಕ್ಷರಗಳು. ಅದನ್ನೇ ೧೦,೮೦೦ ಪಂಕ್ತಿಗಳೆಂದೂ ಎಣಿಸಿದೆ. ಪಂಕ್ತಿಗೆ ೪೦ ಅಕ್ಷರ, ಮೊತ್ತ ಅದೇ. ೩೬೦ ದಿನಗಳ ವರ್ಷದಲ್ಲಿ ದಿನಕ್ಕೆ ಮೂವತ್ತರಂತೆ ೧೦,೮೦೦ ಮುಹೂರ್ತಗಳಿರುವುದು ಆಕಸ್ಮಿಕವಲ್ಲ. ಆದರೆ ಅಲ್ಲಿ ಎಣಿಸಿರುವುದು ಅಕ್ಷರಗಳನ್ನು, ಯುಗವರ್ಷಗಳನ್ನಲ್ಲ ಎಂಬುದನ್ನು ವಾಚಕರು ಮರೆಯಬಾರದು.

ಇನ್ನೊಂದು ದಿಕ್ಕಿನಿಂದಲೂ ಇದೇ ಅಂಕೆ ಕಾಣಿಸಿಕೊಳ್ಳುತ್ತದೆ. ಕ್ರಿ.ಪೂ. ಮೂರನೆಯ ಶತಮಾನದ ಆದಿಭಾಗದಲ್ಲಿ ಬ್ಯಾಬಿಲೋನಿಯದ ಅರ್ಚಕನಾದ ಬೆರೋಸಸನು ಗ್ರೀಕ್ ಭಾಷೆಯಲ್ಲಿ ತನ್ನ ದೇಶದ ಚರಿತ್ರೆಯನ್ನು ಬರೆದನು. ಗ್ರಂಥ ನಷ್ಟವಾಗಿದೆ, ಅನಂತರದ ಲೇಖಕರ ಉದ್ಧರಣೆಗಳು ಉಳಿದಿವೆ. ಅವುಗಳ ಪ್ರಕಾರ ಜಲಪ್ರಳಯಕ್ಕೆ ಮುಂಚಿನ ಹತ್ತು ಅರಸರ ಆಳ್ವಿಕೆ ೧೨೦ ‘ಸಾರೊಸ್’. ಒಂದು ಸಾರೊಸ್ ೩,೬೦೦ ವರ್ಷ. ಒಟ್ಟು ೪,೩೨,೦೦೦ ವರ್ಷ. ಕಲಿಯುಗದ ಪ್ರಮಾಣವೂ ಇದೇ. ಈ ಸಾಮ್ಯವನ್ನು ಹಿಡಿದು ಡೇವಿಡ್ ಪಿಂಗ್ರಿ ಮೊದಲಾದ ವಿದ್ವಾಂಸರು ಯುಗಸಂಖ್ಯೆ ಬ್ಯಾಬಿಲೋನಿಯದಿಂದ ಬಂದುದೆಂದು ವಾದಿಸಿದ್ದಾರೆ. ಸಂಖ್ಯೆಯ ಸ್ವಭಾವವನ್ನು ತಿಳಿದ ಮೇಲೆ ನಾವು ಹೇಳಬಹುದಾದುದಿಷ್ಟು: ೧೨, ೩೦, ೩೬೦ ಇವನ್ನು ಕಾಲಮಾನವಾಗಿ ಬಳಸುವ ಯಾವ ಜನಾಂಗವಾದರೂ ಅವನ್ನು ಗುಣಿಸುತ್ತ ಹೋದರೆ ೪೩೨ ಎಂಬ ಅಂಕೆಯನ್ನು ಮುಟ್ಟುವುದು ಸುಲಭ. ಆದ್ದರಿಂದ ಅಂಕೆಯ ಸಾಮ್ಯವೊಂದರಿಂದಲೇ ಆದಾನಪ್ರದಾನವನ್ನು ಸಾಧಿಸಲಾಗದು. ಅದಕ್ಕೆ ಬೇರೆ ಪ್ರಮಾಣಗಳೂ ಕೂಡಿಬರಬೇಕು.

೫. ಜ್ಯೋತಿಷಿಗಳ ಕೈಯಲ್ಲಿ

ಪುರಾಣದ ಸಂಖ್ಯೆ ಸಿದ್ಧಾಂತ ಜ್ಯೋತಿಷಕ್ಕೆ ಬಂದಾಗ ಅದರ ಕೆಲಸವೇ ಬದಲಾಯಿತು. ಅಲ್ಲಿ ೪೩,೨೦,೦೦೦ ಎಂಬುದು ಒಂದು ಸಾಮಾನ್ಯ ಛೇದ. ಗ್ರಹವು ವರ್ಷಕ್ಕೆ ಎಷ್ಟು ಸುತ್ತು ಸುತ್ತುವುದೆಂದು ಭಿನ್ನರಾಶಿಯಲ್ಲಿ ಹೇಳುವ ಬದಲು, ೪೩,೨೦,೦೦೦ ವರ್ಷಗಳಲ್ಲಿ ಎಷ್ಟು ಪೂರ್ಣ ಸುತ್ತುಗಳು (ಭಗಣಗಳು) ಎಂದು ಪೂರ್ಣಸಂಖ್ಯೆಯಲ್ಲಿ ಹೇಳಿದರೆ ಲೆಕ್ಕ ನಿರಾತಂಕವಾಗುತ್ತದೆ. ವೃತ್ತದಲ್ಲಿರುವ ವಿಕಲೆಗಳು ೩೬೦ × ೬೦ × ೬೦, ಅಂದರೆ ೧೨,೯೬,೦೦೦. ಇದಕ್ಕೂ ಮಹಾಯುಗಕ್ಕೂ ಇರುವ ಪ್ರಮಾಣ ಸರಿಯಾಗಿ ಮೂರಕ್ಕೆ ಹತ್ತು. ಆದಕಾರಣ ಯಾವ ಗ್ರಹದ ಭಗಣವನ್ನಾದರೂ ಮೂರರಿಂದ ಗುಣಿಸಿ ಹತ್ತರಿಂದ ಭಾಗಿಸಿದರೆ ಅದರ ವಾರ್ಷಿಕ ಮಧ್ಯಮಗತಿ ವಿಕಲೆಗಳಲ್ಲಿ ಬಂದುಬಿಡುತ್ತದೆ. ಶನಿಯ ಭಗಣ ೧,೪೬,೫೬೪. ಮೂರರಿಂದ ಗುಣಿಸಿ ಹತ್ತರಿಂದ ಭಾಗಿಸಿದರೆ ೪೩,೯೬೯.೨ ವಿಕಲೆ, ಅಂದರೆ ೧೨ ಅಂಶ ೧೨ ಕಲೆ ೪೯.೨ ವಿಕಲೆ. ಇಷ್ಟು ಹಗುರವಾದ ಸೂತ್ರವನ್ನು ೪೩,೨೪,೩೨೦ ಎಂದಿಗೂ ಕೊಡಲಾರದು.

ಆರ್ಯಭಟನ ಮಹಾಯುಗದಲ್ಲಿ ಸಾವನ ದಿನಗಳು ೧,೫೭,೭೯,೧೭,೫೦೦. ಇದಕ್ಕೂ ವರ್ಷಸಂಖ್ಯೆಗೂ ಮಹತ್ತಮ ಸಾಮಾನ್ಯ ಭಾಜಕ ೭,೫೦೦. ಅದರಿಂದ ಎರಡನ್ನೂ ಭಾಗಿಸಿದರೆ ೨,೧೦,೩೮೯ ಮತ್ತು ೫೭೬ ಉಳಿಯುತ್ತವೆ. ಅಂದರೆ ೫೭೬ ವರ್ಷಗಳಿಗೆ ಸರಿಯಾಗಿ ೨,೧೦,೩೮೯ ದಿನಗಳು. ವರ್ಷಮಾನ ೩೬೫ ದಿನ, ೬ ಗಂಟೆ, ೧೨ ನಿಮಿಷ, ೩೦ ಸೆಕೆಂಡು. ಕ್ರಿ.ಶ. ೬೨೯ರಲ್ಲಿ ಆರ್ಯಭಟೀಯಕ್ಕೆ ಭಾಷ್ಯ ಬರೆದ ಮೊದಲನೆಯ ಭಾಸ್ಕರನು ಈ ಜೋಡಿಯನ್ನೇ ತೆಗೆದುಕೊಂಡು ಕುಟ್ಟಕ ಗಣಿತವನ್ನು ಬೋಧಿಸುತ್ತಾನೆ. ದೊಡ್ಡದನ್ನು ಚಿಕ್ಕದರಿಂದ, ಚಿಕ್ಕದನ್ನು ಶೇಷದಿಂದ, ಹೀಗೆ ಒಂದು ಉಳಿಯುವವರೆಗೂ ಭಾಗಿಸುತ್ತ ಹೋದರೆ ಲಬ್ಧಗಳು ಕ್ರಮವಾಗಿ ೩೬೫, ೩, ೧, ೬, ೨, ೪ ಎಂದು ಬರುತ್ತವೆ. ಈ ಲಬ್ಧಗಳ ಬಳ್ಳಿಯನ್ನು ಕೆಳಗಿನಿಂದ ಮೇಲಕ್ಕೆ ಕಟ್ಟಿದರೆ ೯೪,೬೦೨ ಮತ್ತು ೨೫೯ ಎಂಬ ಉತ್ತರ ಸಿಗುತ್ತದೆ: ೯೪,೬೦೨ ದಿನಗಳಲ್ಲಿ ಸೂರ್ಯನು ೨೫೯ ಸುತ್ತುಗಳನ್ನು ಮುಗಿಸಿ, ಒಂದು ಸುತ್ತಿನ ೨,೧೦,೩೮೯ರಲ್ಲಿ ಒಂದು ಭಾಗದಷ್ಟು ಮಾತ್ರ ಮುಂದಿರುತ್ತಾನೆ. ಸೂರ್ಯನ ಸ್ಥಾನದಿಂದ ಕಳೆದ ದಿನಗಳನ್ನು ಹಿಂದಿರುಗಿ ಪಡೆಯುವ ಕೀಲಿಕೈ ಇದೇ. ಇದೇ ಕ್ರಮವನ್ನು ಮಹಾವೀರಾಚಾರ್ಯನು ‘ವಲ್ಲಿಕಾ ಕುಟ್ಟೀಕಾರ’ವೆಂಬ ಹೆಸರಿನಲ್ಲಿ ಲೌಕಿಕ ಉದಾಹರಣೆಗಳೊಡನೆ ಬೆಳೆಸಿದನು.

ಯುಗವನ್ನು ಒಳಗೆ ವಿಭಜಿಸುವ ವಿಚಾರದಲ್ಲಿ ಆಚಾರ್ಯರಿಗೆ ಐಕಮತ್ಯವಿರಲಿಲ್ಲ. ಪುರಾಣದ ೪ : ೩ : ೨ : ೧ ಎಂಬ ಪ್ರಮಾಣವನ್ನು ಬಿಟ್ಟು ಆರ್ಯಭಟನು ೧೦,೮೦,೦೦೦ ವರ್ಷಗಳ ನಾಲ್ಕು ಸಮಪಾದಗಳನ್ನು ಮಾಡಿದನು. ಬ್ರಹ್ಮಗುಪ್ತನು ಕ್ರಿ.ಶ. ೬೨೮ರಲ್ಲಿ ಇದನ್ನು ಸ್ಮೃತಿವಿರೋಧವೆಂದು ಖಂಡಿಸಿ, ಸಾವಿರ ಮಹಾಯುಗಗಳ ಕಲ್ಪವನ್ನು, ಅಂದರೆ ೪೩೨ ಕೋಟಿ ವರ್ಷಗಳನ್ನು, ಗಣನೆಗೆ ಹಿಡಿದನು. ಸಂಖ್ಯೆ ಸಾವಿರ ಪಟ್ಟು ಬೆಳೆದರೂ ಅದರ ಭಾಜಕಗಳು ೩೮೪ಕ್ಕೆ ಮಾತ್ರ ಏರುತ್ತವೆ. ಹಿಂದೆ ಹೇಳಿದ ೪೩,೨೪,೩೨೦ಕ್ಕೂ ಅಷ್ಟೇ ಭಾಜಕಗಳು. ಆದರೆ ಬ್ರಹ್ಮಗುಪ್ತನಿಗೆ ದೊರೆತ ಲಾಭ ಬೇರೆ: ಛೇದ ದೊಡ್ಡದಾದಷ್ಟೂ ಭಗಣಗಳನ್ನು ಸೂಕ್ಷ್ಮವಾಗಿ ಹೊಂದಿಸಲು ಅವಕಾಶ ಹೆಚ್ಚು.

೬. ನಾಲ್ಕರ ಗುಟ್ಟು

ಈಗ ಇತಿಹಾಸಕ್ಕೆ ಅತ್ಯಂತ ಮುಖ್ಯವಾದ ಅಂಶಕ್ಕೆ ಬರುತ್ತೇವೆ. ಆರ್ಯಭಟನು ಮೂರು ಯುಗಪಾದಗಳೂ ಅರವತ್ತರ ಅರವತ್ತು ವರ್ಷಗಳೂ ಕಳೆದಾಗ ತನಗೆ ಇಪ್ಪತ್ತಮೂರು ವಯಸ್ಸೆಂದು ಹೇಳಿಕೊಂಡಿದ್ದಾನೆ. ಆ ವರ್ಷ ಕ್ರಿ.ಶ. ೪೯೯. ಅದಕ್ಕೆ ೩,೬೦೦ ವರ್ಷಗಳ ಹಿಂದೆ, ಕ್ರಿ.ಪೂ. ೩೧೦೨ರ ಫೆಬ್ರುವರಿ ೧೮ರ ಶುಕ್ರವಾರ ಸೂರ್ಯೋದಯಕ್ಕೆ, ಅವನ ಪ್ರಕಾರ ಕಲಿಯುಗ ಮೊದಲಾಯಿತು. ಆಗ ಎಲ್ಲ ಮಧ್ಯಮಗ್ರಹಗಳೂ ಮೇಷಾದಿಯಲ್ಲಿ ಒಟ್ಟಿಗೆ ಇದ್ದವು. ಮಹಾಯುಗದ ಆದಿಯಲ್ಲಿಯೂ ಒಟ್ಟಿಗೆ, ಮುಕ್ಕಾಲು ಯುಗ ಕಳೆದ ಮೇಲೆಯೂ ಒಟ್ಟಿಗೆ ಇರಬೇಕಾದರೆ ಪ್ರತಿ ಗ್ರಹದ ಭಗಣದ ಮುಕ್ಕಾಲು ಭಾಗ ಪೂರ್ಣಸಂಖ್ಯೆಯಾಗಿರಬೇಕು. ಅಂದರೆ ಭಗಣ ನಾಲ್ಕರಿಂದ ಭಾಗವಾಗಬೇಕು. ಆರ್ಯಭಟನ ಅಂಕೆಗಳನ್ನು ನೋಡೋಣ:

ಶನಿ: ೧,೪೬,೫೬೪ = ೪ × ೩೬,೬೪೧
ಗುರು: ೩,೬೪,೨೨೪ = ೪ × ೯೧,೦೫೬
ಕುಜ: ೨೨,೯೬,೮೨೪ = ೪ × ೫,೭೪,೨೦೬
ಶುಕ್ರ (ಶೀಘ್ರೋಚ್ಚ): ೭೦,೨೨,೩೮೮ = ೪ × ೧೭,೫೫,೫೯೭
ಬುಧ (ಶೀಘ್ರೋಚ್ಚ): ೧,೭೯,೩೭,೦೨೦ = ೪ × ೪೪,೮೪,೨೫೫
ಚಂದ್ರ: ೫,೭೭,೫೩,೩೩೬ = ೪ × ೧,೪೪,೩೮,೩೩೪

ಆರೂ ಸಂಖ್ಯೆಗಳು ನಾಲ್ಕರಿಂದ ನಿಶ್ಶೇಷವಾಗಿ ಭಾಗವಾಗುತ್ತವೆ. ಇದು ಆಕಸ್ಮಿಕವಾಗಿ ಆಗುವ ಸಂಭವ ೪,೦೯೬ರಲ್ಲಿ ಒಂದು. ಇದಕ್ಕೆ ವ್ಯತಿರಿಕ್ತವಾಗಿ ಚಂದ್ರನ ಮಂದೋಚ್ಚದ ಭಗಣ ೪,೮೮,೨೧೯. ನಾಲ್ಕರಿಂದ ಭಾಗಿಸಿದರೆ ೩ ಉಳಿಯುತ್ತದೆ. ರಾಹುವಿನದು ೨,೩೨,೨೨೬, ಶೇಷ ೨. ಅದಕ್ಕನುಗುಣವಾಗಿ ಕಲಿಯ ಆದಿಯಲ್ಲಿ ಉಚ್ಚವು ೯೦ ಅಂಶದಲ್ಲಿಯೂ ರಾಹುವು ೧೮೦ ಅಂಶದಲ್ಲಿಯೂ ಇದ್ದವೆಂದಾಗುತ್ತದೆ. ಕಾರಣವೂ ಸ್ಪಷ್ಟ: ಇವೆರಡನ್ನೂ ಸೊನ್ನೆಗೆ ಎಳೆದರೆ ಗ್ರಹಣಗಳ ಲೆಕ್ಕ ತಪ್ಪುತ್ತದೆ. ಗ್ರಹಗಳ ವಿಷಯದಲ್ಲಿ ಮಾಡಿದ ಸರಳೀಕರಣವನ್ನು ಗ್ರಹಣದ ವಿಷಯದಲ್ಲಿ ಮಾಡಲು ಆಚಾರ್ಯನು ಒಪ್ಪಲಿಲ್ಲ.

ಇನ್ನು ೩,೬೦೦ ವರ್ಷಗಳು ಮಹಾಯುಗದ ೧,೨೦೦ರಲ್ಲಿ ಒಂದು ಭಾಗ. ಆದ್ದರಿಂದ ಕ್ರಿ.ಶ. ೪೯೯ರಲ್ಲಿ ಗ್ರಹದ ಮಧ್ಯಮಸ್ಥಾನವನ್ನು ಪಡೆಯಲು ಭಗಣವನ್ನು ೧,೨೦೦ರಿಂದ ಭಾಗಿಸಿದರೆ ಸಾಕು. ಶನಿಗೆ ೧೨೨ ಪೂರ್ಣ ಸುತ್ತುಗಳು ಕಳೆದು ೧೬೪ ಶೇಷ. ಸ್ಥಾನ ೪೯ ಅಂಶ ೧೨ ಕಲೆ. ಭಗಣವನ್ನು ನಾಲ್ಕರಷ್ಟು ತಗ್ಗಿಸಿ ೧,೪೬,೫೬೦ ಎಂದು ಹಿಡಿದಿದ್ದರೆ ಸ್ಥಾನ ೪೮ ಅಂಶವಾಗುತ್ತಿತ್ತು. ನಾಲ್ಕರಷ್ಟು ಏರಿಸಿದ್ದರೆ ೫೦ ಅಂಶ ೨೪ ಕಲೆ. ಹೀಗೆ ನಾಲ್ಕರ ಒಂದೊಂದು ಹೆಜ್ಜೆಗೂ ಸ್ಥಾನ ೧ ಅಂಶ ೧೨ ಕಲೆ ಸರಿಯುತ್ತದೆ. ತನ್ನ ಕಾಲದ ಆಕಾಶದಲ್ಲಿ ಗ್ರಹ ಎಲ್ಲಿದೆಯೆಂಬುದನ್ನು ಬಲ್ಲ ಗಣಕನು, ಅದಕ್ಕೆ ಅತ್ಯಂತ ಸಮೀಪವಾಗುವ ನಾಲ್ಕರ ಅಪವರ್ತ್ಯವನ್ನು ಆರಿಸಿಕೊಂಡರೆ ದೋಷವು ೩೬ ಕಲೆಗಳನ್ನು ಮೀರುವುದಿಲ್ಲ. ದೂರದ ಆದಿಬಿಂದುವನ್ನು ಕಲ್ಪಿಸಿಕೊಂಡು, ಸಮೀಪದ ಆಕಾಶಕ್ಕೆ ಅಂಕೆಯನ್ನು ಹೊಂದಿಸುವ ಕ್ರಮವಿದು.

ಆರ್ಯಭಟನ ಹೆಸರಿನಲ್ಲಿ ಬಂದಿರುವ ಎರಡು ಪದ್ಧತಿಗಳನ್ನು ಹೋಲಿಸಿದರೆ ಈ ಅಭಿಪ್ರಾಯ ಬಲಗೊಳ್ಳುತ್ತದೆ. ಸೂರ್ಯೋದಯದಿಂದ ದಿನವನ್ನೆಣಿಸುವ ಆರ್ಯಭಟೀಯದಲ್ಲಿ ಯುಗದ ದಿನಗಳು ೧,೫೭,೭೯,೧೭,೫೦೦. ಅರ್ಧರಾತ್ರಿಯಿಂದೆಣಿಸುವ ಪದ್ಧತಿಯಲ್ಲಿ (ಬ್ರಹ್ಮಗುಪ್ತನ ‘ಖಂಡಖಾದ್ಯಕ’ದಿಂದ ಇದು ನಮಗೆ ತಿಳಿದಿದೆ) ೧,೫೭,೭೯,೧೭,೮೦೦. ವ್ಯತ್ಯಾಸ ೩೦೦ ದಿನಗಳು. ಎರಡನ್ನೂ ೧,೨೦೦ರಿಂದ ಭಾಗಿಸಿದರೆ ೩,೬೦೦ ವರ್ಷಗಳಿಗೆ ಕ್ರಮವಾಗಿ ೧೩,೧೪,೯೩೧ ದಿನ ಮತ್ತು ಕಾಲು ದಿನ, ೧೩,೧೪,೯೩೧ ದಿನ ಮತ್ತು ಅರ್ಧ ದಿನ. ಮೊದಲನೆಯದು ಸೂರ್ಯೋದಯದಿಂದ, ಎರಡನೆಯದು ಅದಕ್ಕೆ ಕಾಲು ದಿನ ಮುಂಚಿನ ಅರ್ಧರಾತ್ರಿಯಿಂದ ಹೊರಡುವುದರಿಂದ ಎರಡೂ ಬಂದು ಸೇರುವುದು ಒಂದೇ ಕ್ಷಣಕ್ಕೆ: ಕ್ರಿ.ಶ. ೪೯೯ರ ಮಾರ್ಚ್ ೨೧, ಭಾನುವಾರ ಮಧ್ಯಾಹ್ನ. ಆರಂಭಗಳು ಬೇರೆ, ಸಂಗಮ ಒಂದು. ಆಚಾರ್ಯನಿಗೆ ನಿಶ್ಚಿತವಾಗಿದ್ದ ಕ್ಷಣ ಈಚಿನದೇ ಹೊರತು ಕಲಿಯ ಆದಿಯಲ್ಲ ಎಂಬುದಕ್ಕೆ ಇದಕ್ಕಿಂತ ನಿಚ್ಚಳವಾದ ಸಾಕ್ಷಿ ಬೇಕಾಗಿಲ್ಲ. ರೋಜೆ ಬಿಲ್ಲಾರ್ ಅವರು ೧೯೭೧ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೇರೊಂದು ಮಾರ್ಗದಿಂದ ಹೊರಟು, ಆರ್ಯಭಟನ ಅಂಕೆಗಳಿಗೂ ನಿಜವಾದ ಆಕಾಶಕ್ಕೂ ಇರುವ ಅಂತರ ಕ್ರಿ.ಶ. ೫೦೦ರ ಆಸುಪಾಸಿನಲ್ಲಿ ಅತ್ಯಲ್ಪವಾಗುವುದನ್ನು ತೋರಿಸಿದ್ದಾರೆ. ಕ್ರಿ.ಪೂ. ೩೧೦೨ರಲ್ಲಾದರೋ ಗ್ರಹಗಳು ಒಂದೇ ಬಿಂದುವಿನಲ್ಲಿರಲಿಲ್ಲ. ಹತ್ತಾರು ಅಂಶಗಳಷ್ಟು ಚದುರಿದ್ದವೆಂದು ಆಧುನಿಕ ಗಣನೆಯಿಂದ ತಿಳಿಯುತ್ತದೆ.

೭. ಐಹೊಳೆಯ ಸಾಕ್ಷ್ಯ

ಈ ಚರ್ಚೆಗೆ ಎರಡು ಶತಮಾನಗಳಿಗೂ ಮಿಕ್ಕ ಇತಿಹಾಸವಿದೆ. ಫ್ರಾನ್ಸಿನ ಬಾಯಿ ಎಂಬ ಖಗೋಳಜ್ಞನು ೧೭೮೭ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಕ್ರಿ.ಪೂ. ೩೧೦೨ರಲ್ಲಿ ಭಾರತೀಯರು ನಿಜವಾಗಿಯೂ ವೇಧ ಮಾಡಿದ್ದರೆಂದು ಪ್ರತಿಪಾದಿಸಿದನು. ಲಾಪ್ಲಾಸನು ೧೭೯೬ರ ತನ್ನ ಕೃತಿಯಲ್ಲಿ ಇದನ್ನು ಒಪ್ಪದೆ, ಆ ಗ್ರಹಯೋಗ ಲೆಕ್ಕಕ್ಕೊಂದು ಸಾಮಾನ್ಯ ಆರಂಭಬಿಂದುವಾಗಲೆಂದು ಕಲ್ಪಿಸಿದ್ದೆಂದು ಅಭಿಪ್ರಾಯಪಟ್ಟನು. ಕನ್ನಡನಾಡಿನ ರಾಜವಂಶಗಳ ಚರಿತ್ರೆಗೆ ತಳಹದಿ ಹಾಕಿದ ಜೆ. ಎಫ್. ಫ್ಲೀಟರು ೧೯೧೧ರಲ್ಲಿ ಶಾಸನ ಮತ್ತು ಜ್ಯೋತಿಷಗ್ರಂಥಗಳನ್ನು ಶೋಧಿಸಿ ಇದೇ ನಿರ್ಣಯಕ್ಕೆ ಬಂದರು.

ಐಹೊಳೆಯ ಮೇಗುತಿ ಜಿನಾಲಯದಲ್ಲಿರುವ ರವಿಕೀರ್ತಿಯ ಪ್ರಶಸ್ತಿ ಇಮ್ಮಡಿ ಪುಲಕೇಶಿಯ ಕಾಲದ್ದು. ಅದರಲ್ಲಿ ಎರಡು ಗಣನೆಗಳಿವೆ: ಭಾರತಯುದ್ಧದಿಂದ ೩,೭೩೫ ವರ್ಷಗಳು, ಶಕರಾಜರ ವರ್ಷಗಳು ೫೫೬ (ಕ್ರಿ.ಶ. ೬೩೪–೩೫). ಎರಡರ ಅಂತರ ೩,೧೭೯. ಶಕವರ್ಷದಿಂದ ಕಲಿವರ್ಷವನ್ನು ಪಡೆಯಲು ಪಂಚಾಂಗಕಾರರು ಕೂಡಿಸುವ ಸಂಖ್ಯೆಯೂ ಇದೇ. ಇಲ್ಲಿ ರವಿಕೀರ್ತಿಯ ಮುಂದೆ ಯಾವ ದಾಖಲೆಯಿತ್ತೆಂಬ ಪ್ರಶ್ನೆ ಏಳುತ್ತದೆ. ಯುದ್ಧದ ಕಾಲದಿಂದ ತಪ್ಪದೆ ಎಣಿಸಿಕೊಂಡು ಬಂದ ಸ್ವತಂತ್ರ ಪರಂಪರೆಯೊಂದು ಇದ್ದಿದ್ದರೆ ಅದು ಜ್ಯೋತಿಷಿಗಳ ಅಂಕೆಯೊಡನೆ ಒಂದು ವರ್ಷವೂ ಹೆಚ್ಚುಕಡಿಮೆಯಿಲ್ಲದೆ ಹೊಂದುವುದು ಆಶ್ಚರ್ಯಕರ. ಆರ್ಯಭಟನಲ್ಲಿ ಶಕ ೪೨೧ಕ್ಕೆ ಕಲಿ ೩,೬೦೦. ಅಲ್ಲಿಂದ ೧೩೫ ವರ್ಷಗಳನ್ನು ಮುಂದೆ ಎಣಿಸಿದರೆ ಶಕ ೫೫೬ಕ್ಕೆ ೩,೭೩೫. ಕಲಿಯ ಆದಿಯನ್ನು ಭಾರತರ ಹೆಸರಿನೊಡನೆ ಕೂಡಿಸುವುದಕ್ಕೂ ಆರ್ಯಭಟೀಯದಲ್ಲಿಯೇ ಆಧಾರವಿದೆ. ಆರ್ಯಭಟನಿಗಿಂತ ಹಿಂದಿನ ಶಾಸನಗಳಲ್ಲಿ ಈ ಗಣನೆ ಖಚಿತವಾಗಿ ಕಾಣಬಂದಿಲ್ಲ. ಆದಕಾರಣ ಐಹೊಳೆಯ ಅಂಕೆಯನ್ನು ಭಾರತಯುದ್ಧದ ಕಾಲಕ್ಕೆ ಸಾಕ್ಷಿಯಾಗಿ ಕರೆಯುವುದು ಯುಕ್ತವಲ್ಲ.

ಹಾಗೆಂದು ಅದರ ಬೆಲೆ ಕುಗ್ಗುವುದಿಲ್ಲ. ಅದು ಬೇರೊಂದು ಸಂಗತಿಗೆ ಉತ್ತಮ ಸಾಕ್ಷಿ. ಕ್ರಿ.ಶ. ೪೯೯ನ್ನು ನೆಲೆಯಾಗಿಟ್ಟುಕೊಂಡು ರೂಪುಗೊಂಡ ಗಣನೆಯೊಂದು ಒಂದೂಕಾಲು ಶತಮಾನ ಮೀರುವಷ್ಟರಲ್ಲಿ ಮಲಪ್ರಭೆಯ ಬಯಲಿಗೆ ಬಂದು, ಜೈನ ಕವಿಯೊಬ್ಬನ ಪ್ರಶಸ್ತಿಯಲ್ಲಿ ಶಕವರ್ಷದ ಪಕ್ಕದಲ್ಲಿ ಕುಳಿತುಕೊಂಡಿತು. ಚಾಲುಕ್ಯರ ಆಶ್ರಯದಲ್ಲಿದ್ದ ವಿದ್ವಾಂಸರಿಗೆ ಕಾವ್ಯದೊಡನೆ ಸಿದ್ಧಾಂತಗಣಿತದ ಪರಿಚಯವೂ ಇದ್ದಿತೆಂಬುದು ಇದರಿಂದ ವ್ಯಕ್ತವಾಗುತ್ತದೆ. ಎರಡು ಶತಮಾನಗಳ ಅನಂತರ ಇದೇ ನಾಡಿನಲ್ಲಿ ಮಹಾವೀರಾಚಾರ್ಯನು ತಲೆಯೆತ್ತಿದುದಕ್ಕೆ ಹಿನ್ನೆಲೆ ಇಲ್ಲದಿರಲಿಲ್ಲ.

೮. ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಸ್ಥಿರಪಡುತ್ತವೆ. ಒಂದು, ೪೩,೨೦,೦೦೦ ಎಂಬುದು ೨, ೩, ೫ ಇವುಗಳಿಂದ ಮಾತ್ರ ಕಟ್ಟಿದ, ಹತ್ತಕ್ಕೂ ಅರವತ್ತಕ್ಕೂ ಒಗ್ಗುವ, ಲೆಕ್ಕಕ್ಕೆ ಅನುಕೂಲವಾದ ಅಧಿಕ ಸಂಖ್ಯೆ. ಅದರ ಆಯ್ಕೆ ಗಣಕನ ಆಯ್ಕೆ. ಎರಡು, ಸಿದ್ಧಾಂತ ಜ್ಯೋತಿಷದಲ್ಲಿ ಅದು ಕಾಲದ ಅಳತೆಗಿಂತ ಹೆಚ್ಚಾಗಿ ಭಿನ್ನರಾಶಿಗಳ ಛೇದ. ಮೂರು, ಆ ಛೇದಕ್ಕೆ ಭಗಣಗಳನ್ನು ಹೊಂದಿಸಿದ ರೀತಿಯಿಂದಲೇ ಕಲಿಯುಗಾದಿಯು ಹಿಂದಕ್ಕೆ ಲೆಕ್ಕ ಹಾಕಿ ಪಡೆದ ಕ್ಷಣವೆಂದು ಸಿದ್ಧವಾಗುತ್ತದೆ.

ಶಾಸನದಲ್ಲಿ ದೊಡ್ಡ ಸಂಖ್ಯೆಯೊಂದು ಎದುರಾದಾಗ ಇತಿಹಾಸಕಾರನು ಅದನ್ನು ನಂಬುವ ಅಥವಾ ತಳ್ಳಿಹಾಕುವ ಮೊದಲು ಒಡೆದು ನೋಡುವುದು ಲೇಸು. ಎಣಿಸಿ ಬಂದ ಸಂಖ್ಯೆಗೆ ಅವಿಭಾಜ್ಯಗಳು ಹೇಗೆ ಬೇಕಾದರೂ ಬರಬಹುದು; ಲೆಕ್ಕಕ್ಕಾಗಿ ಕಟ್ಟಿದ ಸಂಖ್ಯೆ ತನ್ನ ಕಟ್ಟಡವನ್ನು ತಾನೇ ತೋರಿಸಿಕೊಡುತ್ತದೆ. ನಮ್ಮ ಶಾಸನಗಳ ಕಾಲನಿರ್ದೇಶಗಳಲ್ಲಿ ಕಲಿವರ್ಷ ಬಂದಿರುವ ಸ್ಥಳಗಳನ್ನೆಲ್ಲ ಈ ದೃಷ್ಟಿಯಿಂದ ಒಟ್ಟಾಗಿ ಪರಿಶೀಲಿಸಿದರೆ ಯಾವ ಕಾಲಕ್ಕೆ ಯಾವ ಸಿದ್ಧಾಂತ ಎಲ್ಲಿ ಪ್ರಚಾರದಲ್ಲಿತ್ತೆಂಬುದರ ಮೇಲೆ ಹೊಸ ಬೆಳಕು ಬೀಳಬಹುದು. ಆ ಕಾರ್ಯಕ್ಕೆ ಗಣಿತ ಮತ್ತು ಇತಿಹಾಸ ವಿಭಾಗಗಳ ವಿದ್ಯಾರ್ಥಿಗಳು ಕೂಡಿ ಕೈಹಾಕುವುದು ಅವಶ್ಯ.